ಓಟ ಕುಸಿದಾಗ ರಕ್ತಪರೀಕ್ಷೆಯನ್ನು ಓದುವುದು ಹೇಗೆ

1988ರ ಮೇ ತಿಂಗಳಲ್ಲಿ ಅಮೆರಿಕದ ಗೇಲ್ ಡೀವರ್ಸ್ 100 ಮೀಟರ್ ಹರ್ಡಲ್ಸನ್ನು 12.61 ಸೆಕೆಂಡಿನಲ್ಲಿ ಓಡಿ ತಮ್ಮ ದೇಶದ ದಾಖಲೆ ಬರೆದರು. ಆಗ ಅವರಿಗೆ 21 ವರ್ಷ. ನಾಲ್ಕು ತಿಂಗಳಿಗೆ ಸಿಯೋಲ್ ಒಲಿಂಪಿಕ್ಸ್ ಬಂತು. ಪದಕದ ಮಾತು ಹಾಗಿರಲಿ, ಅವರು ಸೆಮಿಫೈನಲ್ ಕೂಡ ದಾಟಲಿಲ್ಲ.

ಒಂದು ರೇಸ್ ಕೆಡುವುದು ಯಾರಿಗಾದರೂ ಆಗುತ್ತದೆ. ಡೀವರ್ಸ್‌ಗೆ ಅದು ಅಲ್ಲಿಗೆ ನಿಲ್ಲಲಿಲ್ಲ. ತೂಕ ಏರುಪೇರಾಯಿತು, ಕೂದಲು ಉದುರಿತು, ಕೈ ನಡುಗತೊಡಗಿತು. ತಲೆನೋವು ಬಿಡಲಿಲ್ಲ, ಕಣ್ಣಿಗೂ ತೊಂದರೆಯಾಯಿತು. ಎರಡು ವರ್ಷ ಸರಿಯಾದ ಉತ್ತರವೇ ಸಿಗಲಿಲ್ಲ. ದೇಶದ ದಾಖಲೆ ಇರುವ ಓಟಗಾರ್ತಿ, ಸುತ್ತ ಒಳ್ಳೆಯ ಕೋಚ್, ಒಳ್ಳೆಯ ಆಸ್ಪತ್ರೆಗಳು ಇದ್ದೂ ಎರಡು ವರ್ಷ! ಕಾಯಿಲೆಗೆ ಹೆಸರು ಸಿಕ್ಕಿದ್ದು 1990ರಲ್ಲಿ. ಅದು ಗ್ರೇವ್ಸ್ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಕೆಣಕಿ, ಅದು ಬಿಡುವಿಲ್ಲದೆ ಹಾರ್ಮೋನ್ ಸುರಿಸುವ ಹಾಗೆ ಮಾಡುತ್ತದೆ.

ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಚುರುಕು ಜಾಸ್ತಿಯಾಗಿ ಇನ್ನೂ ಜೋರಾಗಿ ಓಡಬೇಕಲ್ವಾ ಅಂತ ನಿಮಗೆ ಅನ್ನಿಸಬಹುದು. ಆಗುವುದು ಉಲ್ಟಾ. ಸುಮ್ನೆ ಕೂತಿದ್ದರೂ ಎದೆಬಡಿತ ನೂರರ ಹತ್ತಿರ ಇರುತ್ತದೆ. ಮೈ ಬಿಸಿ ತಡೆಯುವುದಿಲ್ಲ, ನಿದ್ದೆ ಬರುವುದಿಲ್ಲ. ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತಾ ಹೋಗುತ್ತದೆ. ಮೊದಲು ಸೋಲುವುದು ತೊಡೆ ಮತ್ತು ಭುಜ. ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟವಾಗುತ್ತದೆ. ಹರ್ಡಲ್ಸ್ ಓಡುವವರಿಗೆ ತೊಡೆಯಲ್ಲಿ ಬಲವಿಲ್ಲ ಅಂದರೆ ಇನ್ನೇನು ಉಳಿಯಿತು?

ಡೀವರ್ಸ್‌ಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಥೈರಾಯ್ಡ್ ಗ್ರಂಥಿ ಅಯೋಡಿನನ್ನು ತಾನಾಗಿ ಎಳೆದುಕೊಳ್ಳುತ್ತದೆ. ಹಾಗೆ ಒಳಗೆ ಹೋದ ವಿಕಿರಣ ಗ್ರಂಥಿಯನ್ನು ಸುಡುತ್ತದೆ. ಆಮೇಲೆ ಅವರ ಪಾದಗಳು ಊದಿ, ಬಿರಿದು, ರಕ್ತ ಸೋರುವ ಸ್ಥಿತಿಗೆ ಬಂದವು. 1991ರ ಆರಂಭದಲ್ಲಿ ಪಾದಗಳನ್ನೇ ಕತ್ತರಿಸಬೇಕಾಗಬಹುದು ಎಂದು ವೈದ್ಯರು ಹೇಳಿದ್ದರು. ಅದೇ ವರ್ಷ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹರ್ಡಲ್ಸ್ ಬೆಳ್ಳಿ ಗೆದ್ದರು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್. ಮೊದಲ ಐದು ಜನರ ನಡುವೆ ಇದ್ದ ಅಂತರ ಸೆಕೆಂಡಿನ ನೂರರಲ್ಲಿ ಆರು ಭಾಗ ಮಾತ್ರ. 10.82 ಸೆಕೆಂಡಿನಲ್ಲಿ ಗೆದ್ದವರು ಡೀವರ್ಸ್. 1996ರ ಅಟ್ಲಾಂಟಾದಲ್ಲಿ ಮತ್ತೆ ಅದೇ ಓಟದ ಚಿನ್ನ.

ಈ ಕಥೆಯಲ್ಲಿ ನಾನು ಹಿಡಿದು ತೋರಿಸಬೇಕಾದ ಒಂದು ಭಾಗ ಇದೆ. ಸುಟ್ಟ ಗ್ರಂಥಿ ಮತ್ತೆ ಹಾರ್ಮೋನ್ ಮಾಡುವುದಿಲ್ಲ. ಹಾಗಾಗಿ ಡೀವರ್ಸ್ ಥೈರಾಯ್ಡ್ ಹಾರ್ಮೋನನ್ನು ಮಾತ್ರೆಯಾಗಿ ತೆಗೆದುಕೊಳ್ಳಬೇಕಾಯಿತು. ಇದು ನಿಜವಾದ ಹಾರ್ಮೋನ್ ಚಿಕಿತ್ಸೆ. ದೇಹ ಮಾಡಲಾಗದ್ದನ್ನು, ಮಾಡಲಾಗದಷ್ಟೇ ಪ್ರಮಾಣದಲ್ಲಿ, ಹೊರಗಿಂದ ತುಂಬಿಸುವುದು. ಇದರಿಂದ ಯಾರಿಗೂ ಹೆಚ್ಚಿನ ಬಲ ಬರುವುದಿಲ್ಲ. ಕಳೆದುಕೊಂಡದ್ದು ವಾಪಸ್ ಬರುತ್ತದೆ.

ವೈದ್ಯೆಯಾದ ನನ್ನ ಹತ್ತಿರ ಬರುವ ಓಟಗಾರರಲ್ಲಿ ಹೆಚ್ಚಿನವರ ಕಥೆ ಹೀಗಿರುವುದಿಲ್ಲ. ಅವರೂ ರಿಪೋರ್ಟ್ ತರುತ್ತಾರೆ. ಅದರಲ್ಲೂ ಒಂದು ಹಾರ್ಮೋನಿನ ಮುಂದೆ ಕೆಂಪು ಗುರುತು ಇರುತ್ತದೆ. ಆದರೆ ಗ್ರಂಥಿ ಕೆಟ್ಟಿರುವುದಿಲ್ಲ. ಹಾಗಾದರೆ ಹಾರ್ಮೋನ್ ಯಾಕೆ ಕಡಿಮೆಯಾಯಿತು? ಇವತ್ತು ಓಟಗಾರರು ಮತ್ತು ಅವರ ಮನೆಯವರಾದ ನಿಮ್ಮ ಮುಂದೆ ನಾನು ಮಾತಾಡಲು ಬಂದಿರುವುದು ಈ ಪ್ರಶ್ನೆಯ ಬಗ್ಗೆ.

ಮಳೆ ಕೈಕೊಟ್ಟ ವರ್ಷ ಹಳ್ಳಿಯ ಮನೆಯಲ್ಲಿ ಏನು ಮಾಡುತ್ತಾರೆ? ಮದುವೆ ಮುಂದಕ್ಕೆ ಹಾಕುತ್ತಾರೆ. ಗೋಡೆಗೆ ಸುಣ್ಣ ಬಳಿಯುವುದು ಮುಂದಿನ ವರ್ಷಕ್ಕೆ. ಹಬ್ಬದ ಬಟ್ಟೆ ಬೇಡ ಅನ್ನುತ್ತಾರೆ. ಒಲೆ ಮಾತ್ರ ಆರಿಸುವುದಿಲ್ಲ. ದೇಹವೂ ಹಾಗೇ. ಓಟಕ್ಕೆ ಹೋಗುವ ಶಕ್ತಿ ಜಾಸ್ತಿ, ಊಟದಿಂದ ಬರುವುದು ಕಡಿಮೆ ಅಂತಾದಾಗ ಮೆದುಳು ಖರ್ಚು ಕಡಿಮೆ ಮಾಡುತ್ತದೆ. ಮುಟ್ಟು, ವೀರ್ಯ, ಮೂಳೆ ಕಟ್ಟುವ ಕೆಲಸ, ಮೈ ಬೆಚ್ಚಗಿಡುವ ಕೆಲಸ ಎಲ್ಲ ಮುಂದಕ್ಕೆ ಹೋಗುತ್ತವೆ. ಅದಕ್ಕೆ ಬೇಕಾದ ಆದೇಶಗಳೇ ಹಾರ್ಮೋನುಗಳು. ಆದೇಶ ಕಡಿಮೆಯಾದಾಗ ರಕ್ತದಲ್ಲಿ ಅಂಕಿಯೂ ಕಡಿಮೆಯಾಗುತ್ತದೆ.

ಇದು ಊಹೆಯಲ್ಲ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ಆ್ಯನ್ ಲೌಕ್ಸ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ನಿಯಮಿತವಾಗಿ ಮುಟ್ಟಾಗುವ ಆರೋಗ್ಯವಂತ ಯುವತಿಯರಿಗೆ ಅಳತೆ ಮಾಡಿದ ಊಟ, ಅಳತೆ ಮಾಡಿದ ವ್ಯಾಯಾಮ ಕೊಟ್ಟರು. ವ್ಯಾಯಾಮದ ಖರ್ಚು ಕಳೆದು, ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕಿಲೋಕ್ಯಾಲರಿಗಿಂತ ಕಡಿಮೆ ಉಳಿದಾಗ, ಐದೇ ದಿನದಲ್ಲಿ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬಂದು ಅಂಡಾಶಯ, ವೃಷಣಗಳಿಗೆ ಆದೇಶ ಕೊಡುವ ಎಲ್‌ಎಚ್ ಹಾರ್ಮೋನಿನ ಮಿಡಿತ ಹದ ತಪ್ಪಿತು. ಥೈರಾಯ್ಡಿನ ಟಿ3 ಕೂಡ ಹೀಗೇ ಇಳಿಯುತ್ತದೆ ಎಂದು ಅವರು ಅದಕ್ಕೂ ಮೊದಲೇ ತೋರಿಸಿದ್ದರು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದು. ವ್ಯಾಯಾಮಕ್ಕೆ ಖರ್ಚಾದಷ್ಟನ್ನು ಊಟದಲ್ಲಿ ತುಂಬಿಸಿಕೊಟ್ಟಾಗ ಈ ತೊಂದರೆ ಕಾಣಲಿಲ್ಲ. ಅಂದರೆ ಹಾರ್ಮೋನ್ ಇಳಿಸಿದ್ದು ಓಟವಲ್ಲ, ತಟ್ಟೆಯ ಕೊರತೆ.

ಲೆಕ್ಕ ಹಾಕಿ ನೋಡೋಣ. 55 ಕಿಲೋ ತೂಕದ ಹೆಣ್ಣುಮಗಳು. ಕೊಬ್ಬು ಬಿಟ್ಟರೆ ಸುಮಾರು 44 ಕಿಲೋ. 10 ಕಿಲೋಮೀಟರ್ ಓಟಕ್ಕೆ ಹೆಚ್ಚುಕಡಿಮೆ 550 ಕಿಲೋಕ್ಯಾಲರಿ ಖರ್ಚು. ಆ 30ರ ಗೆರೆ ಮುಟ್ಟಬೇಕು ಅಂದರೆ 1320, ಅದರ ಮೇಲೆ 550, ಒಟ್ಟು 1870. ಇದು ಕೆಳಗಿನ ಗೆರೆ ಮಾತ್ರ. ದೇಹ ಆರಾಮಾಗಿರಲು 30ರ ಬದಲು 45 ಬೇಕು, ಆಗ ಒಟ್ಟು 2500 ದಾಟುತ್ತದೆ. ಈಗ ಬೆಂಗಳೂರಿನ ಎಷ್ಟೋ ಓಟಗಾರರ ದಿನ ನೋಡಿ. ಬೆಳಗ್ಗೆ ಐದಕ್ಕೆ ಒಂದು ಲೋಟ ಕಾಫಿ ಕುಡಿದು ಓಟ. ಟ್ರಾಫಿಕ್ ಹೆದರಿಕೆಯಲ್ಲಿ ಸ್ನಾನ ಮಾಡಿ ಆಫೀಸಿಗೆ. ಹನ್ನೊಂದಕ್ಕೆ ಎರಡು ಇಡ್ಲಿ. ರಾತ್ರಿ ಅನ್ನ ಬಿಟ್ಟಿರುತ್ತಾರೆ, ಸಲಾಡ್ ತಿನ್ನುತ್ತಾರೆ. ಇವರು ಶಿಸ್ತಿನ ಜನ. ತಾವು ಉಪವಾಸ ಇದ್ದೇವೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ.

ತೂಕ ಇಳಿದಿಲ್ಲವಲ್ಲ ಡಾಕ್ಟ್ರೇ, ಅಂತ ಕೇಳುತ್ತಾರೆ. ಖರ್ಚು ಕಡಿಮೆ ಮಾಡಿಕೊಂಡ ದೇಹದ ತೂಕ ಎಷ್ಟೋ ಸಲ ಇಳಿಯುವುದೇ ಇಲ್ಲ. ಹಾಗಾಗಿ ತೂಕ ನೋಡಿ ಸಮಾಧಾನ ಪಡಬೇಡಿ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಈ ಸ್ಥಿತಿಗೆ ರೆಡ್ಸ್ ಎಂದು ಹೆಸರಿಟ್ಟರು. ಕ್ರೀಡೆಯಲ್ಲಿ ಶಕ್ತಿಯ ಕೊರತೆಯಿಂದ ಬರುವ ತೊಂದರೆಗಳ ಗುಂಪು ಅಂತ ಅರ್ಥ. ಅದಕ್ಕೂ ಮೊದಲು ಇದನ್ನು ಹೆಂಗಸರ ಸಮಸ್ಯೆ ಎಂದೇ ನೋಡುತ್ತಿದ್ದರು. ಗಂಡಸರಿಗೂ ಬರುತ್ತದೆ.

ಗಂಡಸರ ಮಾತು ಬಂತಲ್ಲ, ಅಮೆರಿಕದ ಮ್ಯಾರಥಾನ್ ಓಟಗಾರ ರಯಾನ್ ಹಾಲ್ ಅವರನ್ನು ನೆನೆಯೋಣ. 2007ರಲ್ಲಿ ಹ್ಯೂಸ್ಟನ್‌ನಲ್ಲಿ ಹಾಫ್ ಮ್ಯಾರಥಾನನ್ನು 59 ನಿಮಿಷ 43 ಸೆಕೆಂಡಿನಲ್ಲಿ ಓಡಿದವರು. 2011ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 2 ಗಂಟೆ 4 ನಿಮಿಷ 58 ಸೆಕೆಂಡ್. 2016ರ ಜನವರಿಯಲ್ಲಿ, 33ನೇ ವಯಸ್ಸಿಗೆ, ನಿವೃತ್ತಿ ಹೇಳಿದರು. ಬಿಡದ ಆಯಾಸ, ಬಹುಕಾಲದಿಂದ ಕಡಿಮೆಯಿದ್ದ ಟೆಸ್ಟೋಸ್ಟೀರಾನ್ ಎಂಬ ಗಂಡು ಹಾರ್ಮೋನ್, ಇವೇ ಕಾರಣ ಎಂದು ಅವರೇ ಹೇಳಿಕೊಂಡರು. ಅವರ ದೇಹದೊಳಗೆ ಏನಾಗಿತ್ತು ಎಂದು ಇಲ್ಲಿ ನಿಂತು ನಾನು ತೀರ್ಪು ಕೊಡುವುದು ಸರಿಯಲ್ಲ. ಆದರೆ ಅತಿ ಹೆಚ್ಚು ದೂರ ಓಡುವ ಗಂಡಸರಲ್ಲಿ ಟೆಸ್ಟೋಸ್ಟೀರಾನ್ ಕಡಿಮೆ ಸಿಗುವುದು ವೈದ್ಯರಿಗೆ ಹೊಸದಲ್ಲ.

ಈಗ ರಿಪೋರ್ಟ್ ಕೈಗೆತ್ತಿಕೊಳ್ಳೋಣ. ಗ್ರಂಥಿ ಕೆಟ್ಟಿದೆಯೋ, ಮೆದುಳೇ ಆದೇಶ ತಗ್ಗಿಸಿದೆಯೋ ಎನ್ನುವುದು ಒಂದು ಅಂಕಿಯಲ್ಲಿ ಗೊತ್ತಾಗುವುದಿಲ್ಲ. ಎರಡನ್ನು ಜೋಡಿಯಾಗಿ ನೋಡಬೇಕು. ಥೈರಾಯ್ಡ್ ಗ್ರಂಥಿ ಸೋತಿದ್ದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಇನ್ನೂ ಮಾಡು, ಇನ್ನೂ ಮಾಡು ಎನ್ನುತ್ತದೆ. ಆ ಆದೇಶದ ಹೆಸರು ಟಿಎಸ್‌ಎಚ್; ಥೈರಾಯ್ಡ್ ಮಾಡುವ ಹಾರ್ಮೋನುಗಳು ಟಿ3 ಮತ್ತು ಟಿ4. ಆಗ ಟಿಎಸ್‌ಎಚ್ ಏರುತ್ತದೆ, ಟಿ4 ಇಳಿಯುತ್ತದೆ. ಊಟ ಕಡಿಮೆಯಾಗಿದ್ದರೆ ಟಿ3 ಇಳಿದಿರುತ್ತದೆ, ಟಿಎಸ್‌ಎಚ್ ಮಾಮೂಲಾಗಿಯೇ ಇರುತ್ತದೆ. ಯಾಕೆಂದರೆ ಮೇಲಿನಿಂದಲೇ ಸುಮ್ಮನಿರು ಎಂದು ಹೇಳಲಾಗಿದೆ. ಡೀವರ್ಸ್‌ಗೆ ಇದ್ದಂಥ ಗ್ರೇವ್ಸ್ ಕಾಯಿಲೆಯಲ್ಲಿ ಟಿಎಸ್‌ಎಚ್ ಹೆಚ್ಚುಕಡಿಮೆ ಸೊನ್ನೆ, ಟಿ3 ಮತ್ತು ಟಿ4 ಮೇಲೆ. ಟೆಸ್ಟೋಸ್ಟೀರಾನ್ ಕೂಡ ಹೀಗೇ. ಅದು ಕಡಿಮೆ, ಎಲ್‌ಎಚ್ ಜಾಸ್ತಿ ಅಂದರೆ ವೃಷಣದಲ್ಲಿ ತೊಂದರೆ. ಎರಡೂ ಕಡಿಮೆ ಅಂದರೆ ತೊಂದರೆ ಮೇಲಿದೆ. ಆಗ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯಾ ಅಂತಲೂ ನೋಡಬೇಕು, ಊಟ ಮತ್ತು ನಿದ್ದೆ ಹೇಗಿದೆ ಅಂತಲೂ ಕೇಳಬೇಕು. ಎಷ್ಟೋ ಕಡೆ ಎರಡನ್ನೂ ಮಾಡದೆ ನೇರ ಟೆಸ್ಟೋಸ್ಟೀರಾನ್ ಇಂಜೆಕ್ಷನ್‌ಗೆ ಹೋಗುತ್ತಾರೆ. ನನಗೆ ಬೇಸರ ಆಗುವುದು ಅಲ್ಲೇ.

ಇಂಜೆಕ್ಷನ್ ಕೊಟ್ಟರೆ ಏನಾಗುತ್ತದೆ? ಹೊರಗಿನ ಟೆಸ್ಟೋಸ್ಟೀರಾನ್ ಬಂದ ಕೂಡಲೇ ಮೆದುಳು ಇದ್ದ ಆದೇಶವನ್ನೂ ನಿಲ್ಲಿಸುತ್ತದೆ. ವೀರ್ಯಾಣು ಇಳಿಯುತ್ತದೆ, ಕೆಲವರಲ್ಲಿ ಸೊನ್ನೆಗೆ ಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ. ಮಗು ಬೇಕು ಅಂತಿರುವ 30 ವರ್ಷದ ಓಟಗಾರನಿಗೆ ಇದನ್ನು ಮೊದಲೇ ಹೇಳಬೇಕಲ್ವಾ? ಅದಕ್ಕೂ ಮೊದಲು ಅಂಕಿ ನಿಜವೇ ಅಂತ ನೋಡಬೇಕು. ಟೆಸ್ಟೋಸ್ಟೀರಾನ್ ಬೆಳಗ್ಗೆ ಜಾಸ್ತಿ, ಸಂಜೆ ಕಡಿಮೆ. ಹಾಗಾಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ನೋಡಿದ ಮೇಲೆಯೇ ಕಡಿಮೆ ಎಂದು ಹೇಳಬೇಕು. ಸಂಜೆ ಆಫೀಸ್ ಮುಗಿಸಿ ಕೊಟ್ಟ ರಕ್ತ ಲೆಕ್ಕಕ್ಕಿಲ್ಲ.

ಪರೀಕ್ಷೆಯ ಸಮಯದ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ಆಗುವುದು ಜಾಸ್ತಿ. ಭಾನುವಾರ ಲಾಂಗ್ ರನ್, ಸೋಮವಾರ ರಜೆ ಇದೆ ಅಂತ ರಕ್ತ ಕೊಡುವುದು ನಮ್ಮವರ ರೂಢಿ. ಜೋರು ವ್ಯಾಯಾಮದ ನಂತರ ಮಾಂಸಖಂಡದಿಂದ ಸಿಕೆ ಎಂಬ ಕಿಣ್ವ ರಕ್ತಕ್ಕೆ ಬರುತ್ತದೆ, ಕೆಲವು ದಿನ ಏರಿಯೇ ಇರುತ್ತದೆ. ಅದರ ಜೊತೆ ಎಎಸ್‌ಟಿ, ಎಎಲ್‌ಟಿ ಕೂಡ ಏರುತ್ತವೆ. ಇವೆರಡೂ ಲಿವರ್ ಪರೀಕ್ಷೆಯ ಪಟ್ಟಿಯಲ್ಲಿರುವುದರಿಂದ ಲಿವರ್ ಕೆಟ್ಟಿದೆ ಅಂತ ಹೆದರಿ ಬರುತ್ತಾರೆ. ಲಿವರ್ ಚೆನ್ನಾಗಿರುತ್ತದೆ, ತೊಡೆ ದಣಿದಿರುತ್ತದೆ ಅಷ್ಟೇ. ರಕ್ತ ಕೊಡುವ ಮೊದಲು ಎರಡು ಮೂರು ದಿನ ಜೋರಾಗಿ ಓಡಬೇಡಿ.

ಹಿಮೋಗ್ಲೋಬಿನ್ ಬಗ್ಗೆಯೂ ಒಂದು ಮಾತು. ಸಹಿಷ್ಣುತೆಯ ಓಟದಿಂದ ರಕ್ತದ ನೀರಿನಂಶ ಹೆಚ್ಚುತ್ತದೆ. ಆಗ ಕೆಂಪು ಕಣ ಕಡಿಮೆಯಾಗದಿದ್ದರೂ ಅಂಕಿ ಸ್ವಲ್ಪ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಆದರೆ ಈ ಕಾರಣ ಹೇಳಿ ನಿಜವಾದ ರಕ್ತಹೀನತೆಯನ್ನು ತಳ್ಳಿಹಾಕುವುದು ದೊಡ್ಡ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಇದೆ. ಗಂಡಸರಲ್ಲಿ 25 ಶೇಕಡಾ. ಇಂಥ ದೇಶದಲ್ಲಿ ಓಟ ಕುಸಿದವರಿಗೆ ಮೊದಲು ನೋಡಬೇಕಾದದ್ದು ಹಾರ್ಮೋನ್ ಅಲ್ಲ. ಹಿಮೋಗ್ಲೋಬಿನ್, ಫೆರಿಟಿನ್, ಬಿ12. ಅದರಲ್ಲೂ ಸಸ್ಯಾಹಾರಿಗಳಿಗೆ ಬಿ12.

ಫೆರಿಟಿನ್ ಅಂದರೆ ಕೂಡಿಟ್ಟ ಕಬ್ಬಿಣದ ಅಳತೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಹಿಡಿದಿರಬಹುದು. ಲ್ಯಾಬಿನ ಕೆಳಗಿನ ಗೆರೆ ಎಷ್ಟೋ ಸಲ 10, 15 ಇರುತ್ತದೆ. 16 ಬಂದರೆ ರಿಪೋರ್ಟಿನಲ್ಲಿ ಕೆಂಪು ಗುರುತು ಬೀಳುವುದಿಲ್ಲ. ಓಟಗಾರರಲ್ಲಿ 30ಕ್ಕಿಂತ ಕಡಿಮೆ ಇದ್ದರೆ ನಾನು ಸುಮ್ಮನೆ ಬಿಡುವುದಿಲ್ಲ. ಇಲ್ಲೂ ಒಂದು ಮೋಸ ಇದೆ. ಜ್ವರ ಬಂದಾಗ, ಉರಿಯೂತ ಇದ್ದಾಗ, ಕಠಿಣ ತರಬೇತಿಯ ಮರುದಿನ ಫೆರಿಟಿನ್ ಸುಳ್ಳಾಗಿ ಏರುತ್ತದೆ. ನೆಗಡಿ ಜ್ವರ ಇದ್ದಾಗ ಕೊಟ್ಟ ರಕ್ತದಲ್ಲಿ 60 ಬಂದರೆ ನಂಬಬೇಡಿ. ಇನ್ನು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕಾಫಿ ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ. ಜೋರು ಓಟ ಮುಗಿದು ಮೂರರಿಂದ ಆರು ಗಂಟೆಯ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಕಬ್ಬಿಣ ಒಳಗೆ ಹೋಗುವ ದಾರಿ ಮುಚ್ಚುತ್ತದೆ. ಹಾಗಾಗಿ ಬೆಳಗ್ಗೆಯೇ, ಆ ದಾರಿ ಮುಚ್ಚುವ ಮೊದಲೇ, ತೆಗೆದುಕೊಳ್ಳುವುದು ಒಳ್ಳೆಯದು.

ಕಬ್ಬಿಣ ಕಡಿಮೆಯಾದರೆ ಕೂದಲು ಉದುರುತ್ತದೆ. ಕೂದಲು ಉದುರಿದರೆ ನಮ್ಮ ಹೆಣ್ಣುಮಕ್ಕಳು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಶುರು ಮಾಡುತ್ತಾರೆ. ಈ ಬಯೋಟಿನ್ ಹಲವು ಲ್ಯಾಬುಗಳ ಥೈರಾಯ್ಡ್ ಪರೀಕ್ಷೆಯನ್ನು ಕೆಡಿಸುತ್ತದೆ, ಯಾಕೆಂದರೆ ಆ ಪರೀಕ್ಷೆಯ ರಾಸಾಯನಿಕದಲ್ಲೇ ಬಯೋಟಿನ್ ಬಳಸುತ್ತಾರೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬರುತ್ತದೆ, ಟಿ4 ಸುಳ್ಳಾಗಿ ಜಾಸ್ತಿ. ಅಂದರೆ ಕಾಗದದ ಮೇಲೆ ಡೀವರ್ಸ್‌ಗೆ ಇದ್ದ ಅದೇ ಗ್ರೇವ್ಸ್ ಕಾಯಿಲೆ ಕಾಣಿಸುತ್ತದೆ! ಓಟ ಕುಸಿದಿದೆ, ಕೂದಲು ಉದುರುತ್ತಿದೆ, ರಿಪೋರ್ಟ್ ಹೀಗಿದೆ. ಬಯೋಟಿನ್ ಬಗ್ಗೆ ಕೇಳದ ಡಾಕ್ಟರ್ ಥೈರಾಯ್ಡ್ ತಗ್ಗಿಸುವ ಮಾತ್ರೆ ಬರೆದೇ ಬಿಡಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಇದರ ಇನ್ನೊಂದು ತುದಿ, ಟಿಎಸ್‌ಎಚ್ 5 ಅಥವಾ 6 ಬಂದವರು. ಟಿ4 ಮಾಮೂಲಾಗಿರುತ್ತದೆ. ನನಗೆ ಥೈರಾಯ್ಡ್ ಇದೆ, ಅದಕ್ಕೇ ಪೇಸ್ ಬಿದ್ದಿದೆ ಅನ್ನುತ್ತಾರೆ. ಟಿಎಸ್‌ಎಚ್ ರಾತ್ರಿ ಮತ್ತು ಮುಂಜಾನೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಹಲವರಲ್ಲಿ ಇಷ್ಟು ಸಣ್ಣ ಏರಿಕೆ ಎರಡು ಮೂರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. 65 ದಾಟಿದ 737 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಇಂಥ ಸಣ್ಣ ಏರಿಕೆಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಕೊಟ್ಟರೂ ಆಯಾಸ ಕಡಿಮೆಯಾಗಲಿಲ್ಲ. ಅವರು ವಯಸ್ಸಾದವರು, ಅದನ್ನು ನೇರವಾಗಿ ಯುವಕರಿಗೆ ಹಚ್ಚಲಾಗದು. ಗರ್ಭಿಣಿಯರ ಲೆಕ್ಕವೂ ಬೇರೆ. ಆದರೂ ಇನ್ನೊಮ್ಮೆ ಪರೀಕ್ಷೆ ಮಾಡಿಸದೆ, ಥೈರಾಯ್ಡ್ ವಿರುದ್ಧದ ಪ್ರತಿಕಾಯ ಇದೆಯಾ ಅಂತ ನೋಡದೆ ಮಾತ್ರೆ ಶುರು ಮಾಡುವ ಅವಸರ ಬೇಡ. ಬೇಡದ ಥೈರಾಕ್ಸಿನ್ ಹೃದಯದ ಬಡಿತ ಕೆಡಿಸುತ್ತದೆ, ಮೂಳೆ ಸವೆಸುತ್ತದೆ.

ನಿಜವಾಗಿ ಬೇಕಾದವರು ಅದನ್ನು ಸರಿಯಾಗಿ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ನೀರಿನ ಜೊತೆ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ. ಹದಿನೈದು ದಿನಕ್ಕೆ ನೋಡಿ ಡೋಸ್ ಏರಿಸಿದರೆ ಮುಂದೆ ಅದೇ ಜಾಸ್ತಿಯಾಗುತ್ತದೆ.

ಸ್ಪರ್ಧೆಗೆ ಇಳಿಯುವವರಿಗೆ ಒಂದು ಎಚ್ಚರಿಕೆ. ಥೈರಾಕ್ಸಿನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿ ಇಲ್ಲ. ಟೆಸ್ಟೋಸ್ಟೀರಾನ್, ಗ್ರೋತ್ ಹಾರ್ಮೋನ್, ಇನ್ಸುಲಿನ್ ವರ್ಷವಿಡೀ ನಿಷಿದ್ಧ. ಅಂಡಾಶಯದ ತೊಂದರೆಯಾದ ಪಿಸಿಓಡಿಗೆ, ಬಂಜೆತನಕ್ಕೆ ಕೊಡುವ ಲೆಟ್ರೊಜೋಲ್ ಮತ್ತು ಕ್ಲೋಮಿಫೀನ್ ಕೂಡ ನಿಷಿದ್ಧ. ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕಾಯಿಲೆ ಇದ್ದವರು ಮೊದಲೇ ದಾಖಲೆ ಕೊಟ್ಟು ಚಿಕಿತ್ಸೆಗೆ ವಿನಾಯಿತಿ ಕೇಳಬಹುದು. ಟೆಸ್ಟೋಸ್ಟೀರಾನ್ ವಿಷಯದಲ್ಲಿ ಆ ನಿಯಮ ಬಹಳ ಸ್ಪಷ್ಟ. ವೃಷಣ ಅಥವಾ ಪಿಟ್ಯುಟರಿ ಕೆಟ್ಟಿರಬೇಕು. ಅತಿಯಾದ ತರಬೇತಿಯಿಂದ, ಊಟದ ಕೊರತೆಯಿಂದ ಇಳಿದದ್ದಕ್ಕೆ ವಿನಾಯಿತಿ ಇಲ್ಲ. ನಾನು ಇಷ್ಟು ಹೊತ್ತು ಹೇಳಿದ ವ್ಯತ್ಯಾಸವನ್ನೇ ಅವರೂ ಹಿಡಿದಿದ್ದಾರೆ.

ಹೆಣ್ಣುಮಕ್ಕಳ ಮುಟ್ಟಿನ ಬಗ್ಗೆ ಬಿಡಿಸಿ ಮಾತಾಡಬೇಕು. ಇಲ್ಲಿ ಅಪ್ಪಂದಿರೂ ಇದ್ದೀರಿ, ನೀವೂ ಕೇಳಿಸಿಕೊಳ್ಳಿ. ಮಗಳು ಓಡಲು ಶುರು ಮಾಡಿದ ಮೇಲೆ ಮುಟ್ಟು ನಿಂತರೆ ಅದು ಒಳ್ಳೆಯ ತರಬೇತಿಯ ಗುರುತಲ್ಲ. ಹಾಗೆ ಹೇಳುವ ಕೋಚ್‌ಗಳು ಇನ್ನೂ ಇದ್ದಾರೆ. ದುಡ್ಡು ಕೊಡದೆ ಸಿಗುವ ಅತ್ಯುತ್ತಮ ಹಾರ್ಮೋನ್ ಪರೀಕ್ಷೆ ಮುಟ್ಟು. ಮೂರು ತಿಂಗಳು ಬರಲಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿ ಗರ್ಭನಿರೋಧಕ ಮಾತ್ರೆ ಕೊಟ್ಟು ಮುಟ್ಟು ಬರಿಸಿದರೆ ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ. ಅದು ಮಾತ್ರೆ ನಿಲ್ಲಿಸಿದಾಗ ಆಗುವ ರಕ್ತಸ್ರಾವ. ದೇಹದ ಸ್ವಂತ ಚಕ್ರ ಇನ್ನೂ ನಿಂತೇ ಇರುತ್ತದೆ, ಮೂಳೆಯೂ ತೆಳುವಾಗುತ್ತಲೇ ಇರುತ್ತದೆ. ಮುಟ್ಟು ತಪ್ಪಿದ ಕ್ರೀಡಾಪಟು ಹೆಣ್ಣುಮಕ್ಕಳ ಮೇಲೆ ಒಂದು ವರ್ಷ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯಿಂದ ಮೂಳೆ ಸುಧಾರಿಸಿತು, ಗರ್ಭನಿರೋಧಕ ಮಾತ್ರೆಯಿಂದ ಸುಧಾರಿಸಲಿಲ್ಲ. ಊಟ ಸರಿಮಾಡಿದ ಮೇಲೂ ಮುಟ್ಟು ಬರದಿದ್ದಾಗ ಈ ಪಟ್ಟಿಗೆ ಜಾಗ ಇದೆ. ಊಟದ ಬದಲಿಗೆ ಅಲ್ಲ.

ನನ್ನ ಈ ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬ ತಾಯಿ ಕೇಳಿದರು, ಊಟ ಸರಿ ಮಾಡಿದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ ಮೇಡಮ್ ಅಂತ. ಮೈಯಲ್ಲಿ ಶಕ್ತಿ ಬಂದ ಹಾಗೆ ಅನ್ನಿಸುವುದು ಕೆಲವು ದಿನ ಅಥವಾ ವಾರಗಳಲ್ಲಿ. ಮುಟ್ಟು ಮರಳಲು ತಿಂಗಳುಗಳು ಬೇಕು. ಮೂಳೆಗೆ ವರ್ಷಗಳು, ಮತ್ತು ಅದು ಪೂರ್ತಿ ಮರಳದೆಯೂ ಇರಬಹುದು. ಹೆಣ್ಣುಮಕ್ಕಳ ಮೂಳೆಯ ಬಹುಪಾಲು ಹದಿನೆಂಟರ ಹೊತ್ತಿಗೆ ಕಟ್ಟಿ ಮುಗಿಯುತ್ತದೆ. ಅವರ ಮಗಳಿಗೆ ಈಗ ಹದಿನಾರು. ಈ ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಅಂತ ಕೋಚ್ ಹೇಳಿದ್ದಾರಂತೆ. ನಾನು ಅವರಿಗೆ ಹೇಳಿದ್ದು ಇಷ್ಟು: ಈ ವಾರವೇ ಕರೆದುಕೊಂಡು ಬನ್ನಿ. ಬರುವಾಗ ಮೂರು ತಿಂಗಳ ತರಬೇತಿಯ ಡೈರಿ, ಅವಳು ಏನೇನು ತಿನ್ನುತ್ತಾಳೆ ಎನ್ನುವ ಒಂದು ವಾರದ ಪಟ್ಟಿ, ಕೊನೆಯ ಮುಟ್ಟಿನ ತಾರೀಕು, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು ತನ್ನಿ. ಯಾವ ರಕ್ತಪರೀಕ್ಷೆ ಬೇಕು ಅಂತ ಅದನ್ನೆಲ್ಲ ನೋಡಿದ ಮೇಲೆ ಬರೆದುಕೊಡುತ್ತೇನೆ.